ಆಮೆಗಳ ಅಧ್ಯಕ್ಷ

ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ದನಗಳ ದೊಡ್ಡ ದೊಡ್ಡ ಹಿಂಡುಗಳನ್ನು ಸಾಕಿ ಜೀವಿಸುವ ಜನರುಂಟು. ಅವರ ವಿಶಾಲವಾದ ಮೇವಿನ ಭೂಮಿಗೆ ರಾಂಚ್ ಎಂದು ಹೆಸರು. ಕುದುರೆಯನ್ನೇರಿ ಆ ದನಗಳನ್ನು ಕಾಯುವವನಿಗೆ ಕೌಬಾಯ್ ಎಂದು ಹೆಸರು. ನಮ್ಮ ‘ತುರುಗಾಹಿ’ ಎಂಬ ಹಳೆಯ ಮಾತು ಇದಕ್ಕೆ ಚೆನ್ನಾಗಿ ಒಪ್ಪುವುದರಿಂದ ಈ ಲೇಖನದಲ್ಲಿ ಅದನ್ನೇ ಬಳಸುವೆನು. ಸಿನಿಮಾಗಳಲ್ಲಿ ಈ ತುರುಗಾಹಿಯನ್ನು ಕಂಡ ನಮ್ಮ ಹುಡುಗರು ಅವನ ಕೈಯಲ್ಲಿ ಸದಾ ಪಿಸ್ತೂಲಿರುವುದೆಂದೇ ತಿಳಿದಿರುತ್ತಾರೆ. ವಾಸ್ತವವಾಗಿ ಅವನ ಆಯುಧವು ಹಗ್ಗ. ಆ ಹಗ್ಗದಿಂದಲೇ ಪ್ರಸಿದ್ಧಿಗೆ ಬಂದು, ಬಳಿಕ ತನ್ನ ಕಸಬಿನವರ ಪಾಲಿಗೆ ಒಂಬತ್ತು ವರ್ಷ ನಾಯಕನಾಗಿ ನಿಂತ ಎವರೆಟ್ ಬೌಮನ್ ಎಂಬಾತನ ಚರಿತ್ರೆಯನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ.

ಬೌಮನ್ನನು ಹುಟ್ಟಿದುದು 1899ನೆಯ ಇಸವಿ ಜುಲೈ ತಿಂಗಳಲ್ಲಿ, ನ್ಯೂ ಮೆಕ್ಸಿಕೋ ಪ್ರಾಂತದ ಹೋಪ್ ಎಂಬ ಸಣ್ಣ ಊರಿನಲ್ಲಿ. ಆತನ ಬಾಳುವೆಯು ಬಹುಮಟ್ಟಿಗೆ ಕಳೆದುದು ನೆರೆಯ ಅರಿಝೋನದಲ್ಲಿ. ಅಲ್ಲಿ ಹಿಲ್‌ಸೈಡ್ ಎಂಬ ಸ್ಥಳದ ಬಳಿ ಆತನ ರಾಂಚ್ ಇತ್ತು. ಅರಿಝೋನವು ಮಳೆ ಕಡಿಮೆಯಾದ ಸೀಮೆ. ಕಲ್ಲುಗುಡ್ಡ, ಮುಳ್ಳುಪೊದೆ, ಬಿಸಿಲು. ಅಲ್ಲಿ ಒಂದು ಹಸು ಹೊಟ್ಟೆತುಂಬ ಮೇಯಬೇಕಾದರೆ ಎಕರೆಗಟ್ಟಲೆ ನೆಲ ಬೇಕು. ಇಂತಹ ನೆಲದಲ್ಲಿ ಚದರಿಹೋದ ದನವನ್ನು ಹುಡುಕಿ ಹಿಡಿದು ತರುವುದಕ್ಕೆ ಮನುಷ್ಯನಿಗೆ ಕುದುರೆಯೂ ಹಗ್ಗವೂ ಕೈಕಾಲುಗಳಷ್ಟೇ ಅವಶ್ಯಕ.

ರೋಡಿಯೋ ಎಂಬ ಪಂದ್ಯವು ಹುಟ್ಟಿದುದು ಈ ಕೆಲಸದಿಂದಲೇ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಶಬ್ದದ ಧಾತುವಿಗೆ ‘ಸುತ್ತುವರಿ’ ಎಂದರ್ಥ. ವರ್ಷಕ್ಕೊಮ್ಮೆ ಬಯಲಿನ ದನಗಳನ್ನೆಲ್ಲ ಸುತ್ತುವರಿದು ಒಂದೆಡೆಗೆ ಅಟ್ಟಿ ತಂದು ಕರುಗಳಿಗೆ ಗುರುತಿನ ಬರೆ ಹಾಕುವ ಕಾಲಕ್ಕೆ ಮೊದಲು ಈ ಹೆಸರಿತ್ತು. ಆಗ ಒಬ್ಬನಿಗಿಂತ ಒಬ್ಬನು ಮೇಲೆಂದು ಪಣ ಕಟ್ಟುವುದು ಸಹಜವಷ್ಟೆ. ಅರಿಝೋನದ ಪ್ರೆಸ್ಕಟ್ ಎಂಬ ಊರಿನಲ್ಲಿ 1888ರಲ್ಲಿಯೇ ಜುಲೈ 4ನೆಯ ದಿನದ ಉತ್ಸವಕ್ಕೆ ಬಹುಮಾನವಿಟ್ಟು ಇಂತಹ ಪಂದ್ಯವನ್ನು ನಡೆಸಿದರು. ಕ್ರಮೇಣ ಇದು ಟಿಕೇಟು ಕೊಂಡು ನೋಡುವ ಪ್ರದರ್ಶನವಾಗಿ, ದನವನ್ನೇ ಕಾಣದ ನ್ಯೂಯಾರ್ಕ್, ಬಾಸ್ಟನ್ ನಗರಗಳ ಸಭಾಂಗಣಗಳನ್ನೂ ಹೊಕ್ಕಿತು.

ಬೌಮನ್ನನು ಬಗ್ಗದ ಕುದುರೆಯ ಬೆನ್ನಿನ ಮೇಲೆ ಕುಳಿತು ಎಗರಾಡಿಸಿಕೊಳ್ಳುವ ಪಂದ್ಯದವನಲ್ಲ. ಆತನ ಪಂದ್ಯಗಳು ಗಡಿಯಾರದ ಪಂದ್ಯಗಳು. ಅವುಗಳಲ್ಲೊಂದು ಕರು ಹಿಡಿಯುವುದು. ಕರುವನ್ನು ಮುಂದೆ ಬಿಡುತ್ತಾರೆ. ಹಿಂದಿನಿಂದ ಸವಾರನು ಕುದುರೆಯನ್ನು ದೌಡಾಯಿಸಿ, ತಲೆಯ ಮೇಲೆ ಹಗ್ಗವನ್ನು ಬೀಸಿ ಕುಣಿಕೆಯನ್ನು ಕರುವಿನ ಕೊರಳಿಗೆ ಎಸೆಯುತ್ತಾನೆ. ಹಗ್ಗದ ಇನ್ನೊಂದು ತುದಿ ಜೀನಿನ ಕೊಂಬಿಗೆ ಕಟ್ಟಿರುತ್ತದೆ. ಸವಾರನು ಕೆಳಕ್ಕೆ ಧುಮುಕಿ, ಓಡಿ, ಕರುವನ್ನು ನೆಲಕ್ಕೆ ಕೆಡವಿ, ಬಾಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಹುರಿಯಿಂದ ಮೂರು ಕಾಲುಗಳನ್ನು ಸೇರಿಸಿ ಕಟ್ಟಿ ಎರಡು ಕೈಗಳನ್ನೂ ಮೇಲೆತ್ತಬೇಕು. ಇಷ್ಟೂ ಹೊತ್ತು ಕುದುರೆಯು ತಾನಾಗಿಯೇ ಹಗ್ಗವನ್ನು ಬಿಗಿಯಾಗಿ ಹಿಡಿದು ನಿಂತಿರುತ್ತದೆ. ಈ ಪಂದ್ಯದಲ್ಲಿ ಬಹುಮಾನವನ್ನು ಅರ್ಧಾಂಶ ಕುದುರೆಗೆ ಕೊಡಬೇಕೆಂದು ನನಗೆ ತೋರುತ್ತದೆ. ಇನ್ನೊಂದು ಹೋರಿಯೊಡನೆ ಕುಸ್ತಿ. ಓಡುವ ಕುದುರೆಯಿಂದ ಓಡುವ ಹೋರಿಯ ಮೇಲಕ್ಕೆ ಹಾರಿ, ಕೊಂಬುಗಳನ್ನು ಹಿಡಿದು, ಹಿಮ್ಮಡಿಯನ್ನು ನೆಲಕ್ಕೊತ್ತಿ ನಿಲ್ಲಿಸಿ, ಕೊರಳನ್ನು ತಿರುಚಿ ಉರುಳಿಸುವುದು. ಇದನ್ನು ಆರಂಭಿಸಿದ ಕೀರ್ತಿಯು ಟೆಕ್ಸಾಸಿನ ಬಿಲ್ ಪಿಕೆಟ್ ಎಂಬ ನೀಗ್ರೋ ಜನಾಂಗದ ತುರುಗಾಹಿಗೆ ಸಲ್ಲುತ್ತದೆ.

ಕರು ಹಿಡಿಯುವುದರಲ್ಲಿ 1929, 1935, 1937ರಲ್ಲಿ, ಹೋರಿಯ ಕುಸ್ತಿಯಲ್ಲಿ 1930, 1933, 1935, 1938ರಲ್ಲಿ, ಬೆಳೆದ ಹೋರಿಗೆ ಹಗ್ಗ ಹಾಕುವುದರಲ್ಲಿ 1937ರಲ್ಲಿ ಬೌಮನ್ನನೇ ವಿಶ್ವವಿಜೇತ. ಇವಲ್ಲದೆ ಎಲ್ಲ ಪಂದ್ಯಗಳನ್ನೂ ಕೂಡಿಸಿ ಲೆಕ್ಕಹಾಕುವ ಸರ್ವಶ್ರೇಷ್ಠ ಪದವಿಯು 1935ರಲ್ಲಿಯೂ 1937ರಲ್ಲಿಯೂ ಆತನಿಗೆ ಬಂದಿತು. ಒಟ್ಟು ಹತ್ತು ಬಿರುದುಗಳು. ಇಷ್ಟನ್ನು ಮಾತ್ರ ಸಾಧಿಸಿದ್ದರೆ ಆತನು ಒಬ್ಬ ಜಟ್ಟಿಯೆನಿಸುತ್ತಿದ್ದನು. ಜಟ್ಟಿಗಳ ಚರಿತ್ರೆಯನ್ನು ಬರೆಯುವುದಕ್ಕೆ ನಾನು ಲೇಖನಿಯನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ.

ಆ ಕಾಲದ ತುರುಗಾಹಿಯ ಆದಾಯವ್ಯಯವನ್ನು ಸ್ವಲ್ಪ ವಿಚಾರಿಸೋಣ. ರೋಡಿಯೋದಲ್ಲಿ ಭಾಗವಹಿಸುವವನಿಗೆ ಸಂಬಳವಿಲ್ಲ, ಪ್ರಯಾಣದ ಖರ್ಚು ಕೊಡುವವರಿಲ್ಲ. ಪ್ರತಿ ಪಂದ್ಯಕ್ಕೂ ಪ್ರವೇಶ ಶುಲ್ಕವನ್ನು ಆತನೇ ತೆರಬೇಕು. ತನ್ನ ಕುದುರೆಗೆ ಹುಲ್ಲನ್ನೂ ತನಗೆ ಊಟವನ್ನೂ ಆತನೇ ಕೊಳ್ಳಬೇಕು. ಗೆದ್ದರೆ ಹಣ, ಸೋತರೆ ಬರಿಗೈ, ಕಾಲು ಮುರಿದರೆ ವೈದ್ಯನ ಸಾಲ. ಮನೆಯಲ್ಲಿ ಹೆಂಡತಿ ಮಕ್ಕಳು ಪತ್ರಕ್ಕಾಗಿ ಕಾದಿರುವರು. ಅವು ಜಗತ್ತಿನಲ್ಲೆಲ್ಲ ವ್ಯಾಪಾರವು ಕುಸಿದ ವರ್ಷಗಳು. ಸಾಲದುದಕ್ಕೆ 1934ರ ಕ್ಷಾಮದಲ್ಲಿ ಸಾಯುವ ಸ್ಥಿತಿಯಲ್ಲಿದ್ದ ದನಗಳನ್ನು ಸರ್ಕಾರವೇ ಕೊಳ್ಳಬೇಕಾಯಿತು. ರಾಂಚಿನಲ್ಲಿ ಕೂಲಿ ಹುಟ್ಟದ ಎಷ್ಟೋ ಜನಕ್ಕೆ ರೋಡಿಯೋ ಒಂದೇ ಗತಿಯಾಗಿತ್ತು. ಇತ್ತ ಪ್ರದರ್ಶನಗಳನ್ನು ನಡೆಸುವವರೋ, ಪ್ರವೇಶ ಶುಲ್ಕವಾಗಿ ಬಂದ ಹಣವನ್ನು ಬಹುಮಾನಕ್ಕೆ ಸೇರಿಸದೆ ತಾವೇ ಇಟ್ಟುಕೊಳ್ಳುವುದು ಅನೇಕ ಕಡೆ ರೂಢಿಯಾಗಿತ್ತು. ಪಂದ್ಯದ ವಿಷಯವನ್ನೇ ಅರಿಯದವರು ತೀರ್ಪುಗಾರರಾಗಿ ಕುಳಿತಿರುವುದೂ ಉಂಟು. ಪ್ರದರ್ಶನಗಳ ವ್ಯವಸ್ಥಾಪಕರು 1929ರಲ್ಲಿಯೇ ತಮ್ಮದೊಂದು ಸಂಘವನ್ನು ಮಾಡಿಕೊಂಡಿದ್ದರು. ಹಗ್ಗ ಬೀಸುವವರಿಗೆ ಸಂಘವಿರಲಿಲ್ಲ.

1936ರ ಶರತ್ಕಾಲದಲ್ಲಿ ಬಾಸ್ಟನ್ ನಗರದ ಗಾರ್ಡನ್ ಎಂಬ ಸಭಾಂಗಣದಲ್ಲಿ ರೋಡಿಯೋ ಏರ್ಪಟ್ಟಿತು. ಅದರ ಯಜಮಾನನು ಟೆಕ್ಸಾಸಿನ ಕರ್ನಲ್ ಡಬ್ಲ್ಯು. ಟಿ. ಜಾನ್ಸನ್. ಆತನು ಸಾಮಾನ್ಯನಲ್ಲ, ಪಶ್ಚಿಮದ ಈ ಆಟವನ್ನು ಪೂರ್ವದ ನಗರಗಳಲ್ಲಿ ವೈಭವದಿಂದ ನೆಲೆಗೊಳಿಸಿದವನು. ಆದರೆ ಬಾಸ್ಟನ್ನಿನಲ್ಲಿ ಆತನು ಗೊತ್ತುಮಾಡಿದ ಬಹುಮಾನದ ಮೊತ್ತವು 6,400 ಡಾಲರುಗಳಷ್ಟೆ. ಬಂದವರೆಲ್ಲರ ಪ್ರಯಾಣದ ವೆಚ್ಚಕ್ಕೂ ಅದು ಸಾಲದು. ಅಕ್ಟೋಬರ್ 30ರಂದು 61 ಮಂದಿ ತುರುಗಾಹಿಗಳು ಒಂದು ಕಾಗದಕ್ಕೆ ರುಜು ಹಾಕಿದರು: ಬಹುಮಾನವನ್ನು ಇಮ್ಮಡಿಸಬೇಕು, ಪ್ರವೇಶ ಶುಲ್ಕವನ್ನೂ ಅದಕ್ಕೆ ಸೇರಿಸಬೇಕು; ಇಲ್ಲವಾದರೆ ಯಾರೂ ಕಣಕ್ಕಿಳಿಯುವುದಿಲ್ಲ. ಕರ್ನಲ್ಲನು ಒಪ್ಪಲಿಲ್ಲ. ಲಾಯದ ಆಳುಗಳನ್ನೂ ಸಿಕ್ಕಸಿಕ್ಕವರನ್ನೂ ಕಣಕ್ಕಿಳಿಸಿ ಆಟ ನಡೆಸಲು ನೋಡಿದನು. ಟಿಕೇಟು ಕೊಂಡ ಜನ ಕೂಗಿ ಗದ್ದಲ ಮಾಡಿದರು. ಕೊನೆಗೆ ಆತನು ಮಣಿದು ಮೊತ್ತವನ್ನು ಸುಮಾರು 14,000 ಡಾಲರುಗಳವರೆಗೆ ಏರಿಸಬೇಕಾಯಿತು. ಮರುವರ್ಷವೇ ಆತನು ತನ್ನ ರೋಡಿಯೋ ವ್ಯಾಪಾರವನ್ನು ಇತರರಿಗೆ ಮಾರಿಬಿಟ್ಟನು.

ಈ 61 ಮಂದಿಯಿಂದ ಹುಟ್ಟಿದ ಸಂಘಕ್ಕೆ ಇಟ್ಟ ಹೆಸರು ‘ಕೌಬಾಯ್ ಆಮೆಗಳ ಸಂಘ’. ಒಗ್ಗಟ್ಟಾಗುವುದರಲ್ಲಿ ತಾವು ಆಮೆಗಳಂತೆ ನಿಧಾನಿಗಳು, ಆದರೂ ಕಟ್ಟಕಡೆಗೆ ಧೈರ್ಯಮಾಡಿ ಕತ್ತನ್ನು ಹೊರಕ್ಕೆ ಚಾಚಿದೆವು ಎಂಬುದು ಅವರ ಪರಿಹಾಸದ ವಿವರಣೆ. ಗೀತೆಯನ್ನೋದಿದ ನಮಗೆ ಆಮೆಯೆಂದೊಡನೆ ನೆನಪಾಗುವುದು ಇಂದ್ರಿಯಗಳನ್ನು ಒಳಕ್ಕೆಳೆದುಕೊಂಡ ಸ್ಥಿತಪ್ರಜ್ಞ. ಅಲ್ಲಿ ಅಂಗಗಳನ್ನು ಮುದುಡಿಕೊಳ್ಳುವುದು ಧೀರತ್ವ. ಇಲ್ಲಿ ಕತ್ತು ಚಾಚುವುದು ಧೀರತ್ವ. ಒಂದೇ ಪ್ರಾಣಿ ಎರಡು ದೇಶಗಳಲ್ಲಿ ಎರಡು ಪಾಠಗಳನ್ನು ಹೇಳಿತು.

ಸಂಘದ ಅಧ್ಯಕ್ಷಸ್ಥಾನವು ಬೌಮನ್ನನಿಗೆ ಬಂದಿತು. ಆತನು 1945ರವರೆಗೆ ಅದನ್ನು ನಿರ್ವಹಿಸಿದನು. ಇಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದಿದೆ. ನಡೆಯುತ್ತಿದ್ದ ಪದ್ಧತಿಯಿಂದ ಆತನಿಗೇನೂ ಅಷ್ಟಾಗಿ ನಷ್ಟವಿರಲಿಲ್ಲ, ಆತನು ಗೆಲ್ಲುವವನು. ಬಹುಮಾನ ಎಷ್ಟೇ ಸಣ್ಣದಾದರೂ ಅದರ ದೊಡ್ಡ ಪಾಲು ಆತನ ಜೇಬಿಗೇ ಬರುತ್ತಿತ್ತು. ಮುಷ್ಕರ ಹೂಡಿದರೆ ಹೆಚ್ಚು ಕಳೆದುಕೊಳ್ಳುವವನೂ ಆತನೇ. ಸೋತವರು ನ್ಯಾಯ ಕೇಳಿದರೆ ಲೋಕವು ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುತ್ತದೆ. 1937ರಲ್ಲಿ, ಅಧ್ಯಕ್ಷನಾಗಿದ್ದಾಗಲೇ, ಸರ್ವಶ್ರೇಷ್ಠ ಪದವಿಯನ್ನು ಗೆದ್ದವನು ಅದೇ ನ್ಯಾಯವನ್ನು ಕೇಳಿದಾಗ ಹಾಗೆ ಹೇಳುವುದಕ್ಕೆ ಯಾರಿಗೂ ಬಾಯಿಲ್ಲದೆ ಹೋಯಿತು. ಹಗಲು ಕಣದಲ್ಲಿ ಹೋರಿಯೊಡನೆ ಹೋರಾಟ, ಇತರ ವೇಳೆಯಲ್ಲಿ ವ್ಯವಸ್ಥಾಪಕರೊಡನೆ ವಾದ. ಯಾವುದು ಹೆಚ್ಚು ಆಯಾಸಕರವೆಂಬುದನ್ನು ಊಹಿಸಬಹುದು.

ಆತನ ಸಂಘವು ಕೇಳಿದುದು ಎರಡೇ ಮುಖ್ಯ ವಿಷಯಗಳು: ಶುಲ್ಕವು ಬಹುಮಾನಕ್ಕೆ ಸೇರತಕ್ಕದ್ದು, ತೀರ್ಪುಗಾರರು ಕಸುಬು ಬಲ್ಲವರಾಗಿರತಕ್ಕದ್ದು. ಆದರೆ ತನ್ನ ಸದಸ್ಯರಿಂದಲೂ ಅದು ಶಿಸ್ತನ್ನು ಕೇಳಿತು. ಹೆಸರು ಕೆಡಿಸುವಂತೆ ನಡೆದವರಿಗೆ ದಂಡ ಹಾಕುತ್ತಿತ್ತು. ಕುಡಿದು ಜಗಳವಾಡುವವನೆಂದು ಊರೂರಿನಲ್ಲಿ ಹೆಸರಾಗಿದ್ದ ತುರುಗಾಹಿಗೆ ಈ ಕಟ್ಟುನಿಟ್ಟು ಹೊಸದು. ಬೌಮನ್ನನು ಗಡುಸು ಸ್ವಭಾವದವನು; ಎಲ್ಲರಿಗೂ ಆತನು ಪ್ರಿಯನಾಗಿದ್ದನೆಂದು ಹೇಳಲಾರೆ. ಮೂವತ್ತು ವರ್ಷ ಹುಡುಗರನ್ನು ಪಾಠಶಾಲೆಯಲ್ಲಿ ಕೂರಿಸಿದ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಆ ಕಾಲದ ರೋಡಿಯೋದಲ್ಲಿ ಸ್ತ್ರೀಯರೂ ಬಗ್ಗದ ಕುದುರೆಗಳನ್ನೇರಿ ಸ್ಪರ್ಧಿಸುತ್ತಿದ್ದರು, ಪುರುಷರಿಗೆ ಸಮನಾಗಿಯೇ ಬಿದ್ದು ಪೆಟ್ಟು ತಿನ್ನುತ್ತಿದ್ದರು. ಆಮೆಗಳ ಸಂಘವು ಇವರ ಸ್ಪರ್ಧೆಗಳ ಪಕ್ಷವನ್ನು ವಹಿಸಲಿಲ್ಲ. ಕೆಲವೇ ವರ್ಷಗಳಲ್ಲಿ ದೊಡ್ಡ ಪ್ರದರ್ಶನಗಳಿಂದ ಅವು ಮರೆಯಾದುವು. 1948ರಲ್ಲಿ ಟೆಕ್ಸಾಸಿನ ಸ್ಯಾನ್ ಏಂಜಲೋದಲ್ಲಿ 38 ಮಂದಿ ಸ್ತ್ರೀಯರು ಸೇರಿ ತಮ್ಮದೇ ಸಂಘವನ್ನು ಸ್ಥಾಪಿಸಿಕೊಳ್ಳಬೇಕಾಯಿತು. ಅಣ್ಣಂದಿರು ಕಲಿಸಿದ ಪಾಠವನ್ನು ತಂಗಿಯರು ಚೆನ್ನಾಗಿಯೇ ಕಲಿತರೆನ್ನಬೇಕು. ಕರುಗಳ ಮಾತಂತೂ ಬೇರೆ. ಗೋವನ್ನು ತಾಯಿಯೆಂದು ಕರೆಯುವ ನಮ್ಮ ಮನೆಗಳಲ್ಲಿ, ಓಡುವ ಕರುವಿನ ಕೊರಳಿಗೆ ಕುಣಿಕೆ ಬೀಳುವ ವರ್ಣನೆಯನ್ನು ಓದಿ ಹೆಂಗಸರು ‘ಪಾಪ’ ಎನ್ನದಿರಲಾರರು. ನನಗೂ ಹಾಗೆಯೇ ಅನ್ನಿಸಿತು. ಆ ದೇಶದಲ್ಲಿಯೇ ಇದನ್ನು ಆಕ್ಷೇಪಿಸುವವರು ಇದ್ದಾರೆ.

1945ರಲ್ಲಿ ಬೌಮನ್ನನು ಅಧ್ಯಕ್ಷಸ್ಥಾನವನ್ನು ಬಿಟ್ಟನು. ಕರು ಹಿಡಿಯುವುದರಲ್ಲಿ ನಿಪುಣನಾದ ಟೂಟ್ಸ್ ಮ್ಯಾನ್ಸ್‌ಫೀಲ್ಡನು ಆ ಪೀಠಕ್ಕೆ ಬಂದನು. ಅದೇ ವರ್ಷ ಸಂಘವು ಆಮೆಯ ಹೆಸರನ್ನು ಕಳಚಿ ‘ರೋಡಿಯೋ ಕೌಬಾಯ್ ಸಂಘ’ವಾಯಿತು, 1975ರಲ್ಲಿ ಆ ಹೆಸರಿಗೆ ‘ವೃತ್ತಿಪರ’ ಎಂಬ ವಿಶೇಷಣವೂ ಸೇರಿತು. 1959ರಿಂದ ವರ್ಷದ ಕೊನೆಗೆ ನಡೆಯುತ್ತಿರುವ ಅದರ ಅಂತಿಮ ಪಂದ್ಯಗಳಲ್ಲಿ ಹಂಚುವ ಹಣವು 2015ರಲ್ಲಿ ಒಂದು ಕೋಟಿ ಡಾಲರನ್ನು ಮುಟ್ಟಿತು. ಬಾಸ್ಟನ್ನಿನ 6,400ನ್ನು ಪಕ್ಕದಲ್ಲಿಟ್ಟು ನೋಡಬೇಕು. ತುರುಗಾಹಿಯು ಇಂದಿಗೂ ಪ್ರವೇಶ ಶುಲ್ಕವನ್ನು ತೆರುತ್ತಾನೆ. ಆದರೆ ಅದು ಬಹುಮಾನದ ಗಂಟಿಗೇ ಸೇರುತ್ತದೆ.

ಬೌಮನ್ನನು 1971ನೆಯ ಇಸವಿ ಅಕ್ಟೋಬರಿನಲ್ಲಿ ಸಣ್ಣ ವಿಮಾನವೊಂದರ ಅಪಘಾತದಲ್ಲಿ ಮಡಿದನು. ಆಗ ಆತನಿಗೆ ಎಪ್ಪತ್ತೆರಡು ವರ್ಷ. 1979ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ನಗರದಲ್ಲಿ ರೋಡಿಯೋ ವೀರರ ಸ್ಮಾರಕ ಮಂದಿರವನ್ನು ತೆರೆದಾಗ, ಮೊಟ್ಟಮೊದಲು ಸೇರಿಸಿದ ಹೆಸರುಗಳಲ್ಲಿ ಆತನದೂ ಒಂದು. ಸಂಘವು ಆ ಹೆಸರನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೆಯೂ, ಮೊದಲ ವರ್ಷಗಳಲ್ಲಿ ಸೇರಿದ್ದ ಹಳಬರನ್ನು ಅಲ್ಲಿಯ ಜನ ‘ಆಮೆ’ಗಳೆಂದೇ ಗೌರವದಿಂದ ಕರೆಯುತ್ತಿದ್ದರು.