ಹದಿನಾರು ಎಕ್ಸ್ ಎಂದರೆ ಎಷ್ಟು?

ಗಣಕದ ಸಲಕರಣೆಗಳನ್ನು ಮಾರುವ ಅಂಗಡಿಗೆ ಡಿವಿಡಿ ರೈಟರನ್ನು ಕೊಳ್ಳಹೋದವರ ಕಣ್ಣಿಗೆ ಮೊಟ್ಟಮೊದಲು ಬೀಳತಕ್ಕದ್ದು, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವ ವೇಗದ ಅಂಕಿ: ಡಿವಿಡಿಗೆ 16 ಎಕ್ಸ್, ಸಿಡಿಗೆ 48 ಅಥವಾ 52 ಎಕ್ಸ್. ಈ ಅಂಕಿಯನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಅದನ್ನೇ ನೆಚ್ಚಿ, 8 ಎಕ್ಸ್‌ಗೆ ಬೇಕಾದ ಹೊತ್ತಿನ ಅರ್ಧದಲ್ಲಿ 16 ಎಕ್ಸ್ ಕೆಲಸ ಮುಗಿಸುತ್ತದೆಂದು ಲೆಕ್ಕ ಹಾಕಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು ಕುಳಿತವರು, ಲೆಕ್ಕಕ್ಕೂ ಕಂಡದ್ದಕ್ಕೂ ತಾಳೆಯಾಗದಿರುವುದನ್ನು ನೋಡಿ ರೈಟರಿನ ಮೇಲೋ ಡಿಸ್ಕಿನ ಮೇಲೋ ಸಂಶಯಪಡುವುದುಂಟು. ಸಂಶಯಕ್ಕೆ ಕಾರಣ ಯಂತ್ರದ ದೋಷವೇ ಆಗಿರಬೇಕೆಂದಿಲ್ಲ. ಪೆಟ್ಟಿಗೆಯ ಅಂಕಿ ಡಿಸ್ಕಿನ ಹೊರ ಅಂಚಿನಲ್ಲಿ, ಕೆಲಸದ ಕಡೆಯ ಕ್ಷಣಗಳಲ್ಲಿ ಮಾತ್ರ ನಿಜವಾಗತಕ್ಕ ಅಂಕಿ. ವೇಗವನ್ನು ಪರೀಕ್ಷಿಸುವುದೆಂದರೆ, ಅಂಚಿನಲ್ಲಿ ನಿಜವಾದದ್ದು ಇಡೀ ಡಿಸ್ಕಿನ ಮಟ್ಟಿಗೆ ಎಷ್ಟರಮಟ್ಟಿಗೆ ನಿಜವೆಂದು ವಿಚಾರಿಸುವುದು.

ವಿಚಾರಣೆಗೆ ಮೊದಲು ಅಳತೆಗೋಲನ್ನು ತಿಳಿದಿರಬೇಕು. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ರೂಪಿಸಿದ ಸಂಗೀತದ ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂದಾಗ, ಅದರಲ್ಲಿನ ಮಾಹಿತಿಯನ್ನು ಸೆಕೆಂಡಿಗೆ 75 ತುಣುಕುಗಳಂತೆ ಓದಬೇಕೆಂಬ ನಿಯಮವಿತ್ತು. ಹಾಡು ಕೇಳಿಸಬೇಕಾದ ವೇಗ ಅದೇ ಆದುದರಿಂದ ಅದಕ್ಕಿಂತ ಬೇಗ ಓದುವ ಪ್ರಯೋಜನವಿರಲಿಲ್ಲ. ಅದೇ ಡಿಸ್ಕು ಗಣಕದ ಮಾಹಿತಿಯನ್ನು ಹೊರಲು ತೊಡಗಿದಾಗ ಒಂದೊಂದು ತುಣುಕಿನಲ್ಲಿಯೂ 2048 ಬೈಟ್‌ಗಳಷ್ಟು ಮಾಹಿತಿಗೆ ಸ್ಥಳ ದೊರೆತು, ಸೆಕೆಂಡಿಗೆ 1,53,600 ಬೈಟ್‌ಗಳು ಎಂಬ ಮೊತ್ತ ಸಿದ್ಧವಾಯಿತು. ಸಿಡಿಯ ಮಟ್ಟಿಗೆ ಒಂದು ಎಕ್ಸ್ ಎಂದರೆ ಇಷ್ಟೆ. ಡಿವಿಡಿಯ ಒಂದು ಎಕ್ಸ್ ಸೆಕೆಂಡಿಗೆ ಸುಮಾರು 13.85 ಲಕ್ಷ ಬೈಟ್. ಬ್ಲೂ-ರೇ ಡಿಸ್ಕಿನದು ಸುಮಾರು 45 ಲಕ್ಷ. ಅಕ್ಷರ ಒಂದೇ ಆದರೂ ಅದು ಹೇಳುವ ಪ್ರಮಾಣ ಡಿಸ್ಕಿನ ಜಾತಿಯಿಂದ ಜಾತಿಗೆ ಬೇರೆಯಾಗುವುದರಿಂದ, ಸಿಡಿಯ 52 ಎಕ್ಸ್ ಸೆಕೆಂಡಿಗೆ ಸುಮಾರು 80 ಲಕ್ಷ ಬೈಟ್‌ಗಳಾದರೆ, ನೋಡಲು ಚಿಕ್ಕದಾದ ಡಿವಿಡಿಯ 16 ಎಕ್ಸ್ 2 ಕೋಟಿ 20 ಲಕ್ಷವನ್ನೂ ಮೀರುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕೂ ಉಂಟು: ಡಿಸ್ಕ್ ಮಾಡುವವರು ಒಂದು ಗಿಗಾಬೈಟಿಗೆ ನೂರು ಕೋಟಿ ಬೈಟ್ ಎಂದು ಎಣಿಸಿದರೆ, ಗಣಕದ ಅನೇಕ ತಂತ್ರಾಂಶಗಳು 1024ನ್ನು ಮೂರು ಸಲ ಗುಣಿಸಿ ಬಂದ ಸುಮಾರು 107 ಕೋಟಿ ಬೈಟ್‌ಗಳನ್ನು ಗಿಗಾಬೈಟ್ ಎನ್ನುತ್ತವೆ. ಹೊದಿಕೆಯ ಮೇಲೆ 4.7 ಗಿಗಾಬೈಟ್ ಎಂದಿರುವ ಡಿವಿಡಿ ಪರದೆಯ ಮೇಲೆ ಸುಮಾರು 4.38 ಆಗಿ ತೋರುವುದು ಈ ಕಾರಣದಿಂದಲೇ. ಪರೀಕ್ಷೆ ಮಾಡುವವರು ಎಲ್ಲವನ್ನೂ ಬರಿಯ ಬೈಟ್‌ಗಳಲ್ಲಿ ಎಣಿಸಿದರೆ ಈ ಗೊಂದಲ ತಾನಾಗಿ ಕಳೆಯುತ್ತದೆ.

ಇನ್ನು ಬರಹದ ರೀತಿ. ಬರೆಯಬಲ್ಲ ಸಿಡಿ ಡಿವಿಡಿಗಳ ಒಳಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂದೆ ವರ್ಣದ್ರವ್ಯದ ತೆಳುವಾದ ಪದರವೊಂದಿದ್ದು, ಲೇಸರ್ ಕಿರಣವು ಕ್ಷಣಮಾತ್ರ ಪ್ರಬಲವಾಗಿ ತಾಗಿದ ಎಡೆಯಲ್ಲಿ ಆ ದ್ರವ್ಯ ಕಾದು ಮಾರ್ಪಾಟಾಗಿ, ಬೆಳಕನ್ನು ಮೊದಲಿನಂತೆ ಹಿಂದಿರುಗಿಸದ ಒಂದು ಗುರುತಾಗಿ ಉಳಿಯುತ್ತದೆ. ಗುರುತುಗಳ ಸಾಲು ಡಿಸ್ಕಿನ ಒಳಭಾಗದಿಂದ ಹೊರಟು ಸುರುಳಿಯಾಗಿ ಹೊರ ಅಂಚಿನತ್ತ ಸಾಗುತ್ತದೆ. ಸಿಡಿಗೆ 780 ನ್ಯಾನೋಮೀಟರ್ ಅಲೆಯುದ್ದದ ಲೇಸರ್ ಬಳಕೆಯಾದರೆ ಡಿವಿಡಿಗೆ 650, ಬ್ಲೂ-ರೇಗೆ 405. ಅಲೆ ಗಿಡ್ಡವಾದಷ್ಟೂ ಗುರುತು ಕಿರಿದಾಗಿ, ಸುರುಳಿಯ ಸುತ್ತುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಡಿವಿಡಿಯಲ್ಲಿ ಸುತ್ತಿನಿಂದ ಸುತ್ತಿಗಿರುವ ದೂರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ, 0.74 ಮೈಕ್ರಾನ್. ಅಂಗೈಯಗಲದ ಆ ತಟ್ಟೆಯ ಸುರುಳಿಯನ್ನು ಬಿಡಿಸಿ ನೇರವಾಗಿ ಎಳೆದರೆ ಅದರ ಉದ್ದ ಹನ್ನೆರಡು ಕಿಲೋಮೀಟರುಗಳಷ್ಟಾಗುತ್ತದೆ.

ವೇಗದ ಪ್ರಶ್ನೆ ಹುಟ್ಟುವುದು ಈ ಸುರುಳಿಯಲ್ಲಿಯೇ. ಒಳಸುತ್ತು ಚಿಕ್ಕದು, ಹೊರಸುತ್ತು ದೊಡ್ಡದು. ಗುರುತುಗಳ ದಟ್ಟಣೆಯಾದರೋ ಎಲ್ಲೆಡೆಯೂ ಒಂದೇ. ಮೊದಲಿನ ಸಿಡಿ ಯಂತ್ರಗಳು ಲೇಸರಿನ ಕೆಳಗೆ ಸುರುಳಿ ಹರಿಯುವ ರೇಖಾವೇಗವನ್ನು ಸ್ಥಿರವಾಗಿಟ್ಟು, ಒಳಗಡೆ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುವ ಡಿಸ್ಕನ್ನು ಹೊರಗೆ ಬರುಬರುತ್ತ 200 ಸುತ್ತಿಗೆ ಇಳಿಸುತ್ತಿದ್ದವು. ಒಂದೆರಡು ಎಕ್ಸ್‌ಗಳ ಕಾಲದಲ್ಲಿ ಈ ಏರ್ಪಾಡು ಸೊಗಸಾಗಿಯೇ ನಡೆಯಿತು. ಆದರೆ ಎಕ್ಸ್‌ಗಳು ಏರಿದಂತೆ, ಒಳಸುತ್ತಿನಲ್ಲಿಯೂ ಅದೇ ವೇಗ ಸಿಗಬೇಕಾದರೆ ಡಿಸ್ಕು ತಿರುಗಬೇಕಾದ ರಭಸ ಪ್ಲಾಸ್ಟಿಕ್ಕು ತಾಳಿಕೊಳ್ಳತಕ್ಕ ಮೇರೆಯನ್ನು ದಾಟತೊಡಗಿದುದರಿಂದ, ಯಂತ್ರಜ್ಞರು ತಿರುಗುವ ವೇಗವನ್ನೇ ಸ್ಥಿರವಾಗಿರಿಸಿ, ಬರಹದ ವೇಗ ಸ್ಥಾನಕ್ಕೆ ತಕ್ಕಂತೆ ಏರಲಿ ಎಂದು ಬಿಟ್ಟರು. ಕಣದಲ್ಲಿ ಮೇಟಿಗೆ ಕಟ್ಟಿದ ಹಂತಿಯ ಎತ್ತುಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು: ಎಲ್ಲ ಎತ್ತುಗಳೂ ಒಂದು ಸುತ್ತನ್ನು ಒಟ್ಟಿಗೇ ಮುಗಿಸಿದರೂ ಮೇಟಿಯ ಮಗ್ಗುಲಿನದು ನಿಧಾನವಾಗಿ ಕಾಲೆಳೆಯುತ್ತದೆ, ಹೊರಗಿನದು ಓಡಲೇಬೇಕಾಗುತ್ತದೆ. 16 ಎಕ್ಸ್ ಎಂಬುದು ಆ ಹೊರಗಿನ ಎತ್ತಿನ ನಡಿಗೆ. 52 ಎಕ್ಸ್‌ನ ಸಿಡಿ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ಅದರ ಹೊರಸುತ್ತಿನ ವೇಗ ಗಂಟೆಗೆ 220 ಕಿಲೋಮೀಟರುಗಳನ್ನು ಮೀರುತ್ತದೆ; ಇಂಥ ರಭಸದಲ್ಲಿ, ಮೊದಲೇ ಸೀಳು ಬಿಟ್ಟಿದ್ದ ಡಿಸ್ಕುಗಳು ಯಂತ್ರದೊಳಗೆ ಚೂರಾದದ್ದುಂಟು.

ಇಲ್ಲಿಂದ ಮುಂದಕ್ಕೆ ಸರಳವಾದ ಗಣಿತವೊಂದು ನಮ್ಮ ಕೈಹಿಡಿಯುತ್ತದೆ. ಡಿವಿಡಿಯಲ್ಲಿ ಮಾಹಿತಿಯ ಪ್ರದೇಶ ಕೇಂದ್ರದಿಂದ 24 ಮಿಲಿಮೀಟರ್ ದೂರದಲ್ಲಿ ಮೊದಲಾಗಿ 58ರಲ್ಲಿ ಮುಗಿಯುತ್ತದೆ. ಎರಡರ ಅನುಪಾತ 2.4ಕ್ಕೆ ತುಸು ಮೇಲು. ಹೊರ ಅಂಚಿನಲ್ಲಿ 16 ಎಕ್ಸ್ ದೊರೆಯಬೇಕಾದರೆ ಆರಂಭ ಸುಮಾರು 6.6 ಎಕ್ಸ್‌ನಲ್ಲಿ ಆಗಲೇಬೇಕು. ಸುತ್ತುಗಳ ನಡುವಣ ಅಂತರ ಸಮನಾಗಿದ್ದು, ಸುತ್ತಿಗೆ ಹಿಡಿಯುವ ಕಾಲವೂ ಸಮನಾಗಿರುವುದರಿಂದ, ವೇಗ ಹೊತ್ತಿನೊಡನೆ ಸಮವಾಗಿ ಏರುತ್ತದೆ. ಆದಿ ಅಂತ್ಯಗಳ ವೇಗಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ ಸಿಕ್ಕಿಬಿಡುತ್ತದೆ. ಅದು 11.3 ಎಕ್ಸ್. ಅಂದರೆ ತುಂಬಿದ ಒಂದು ಡಿವಿಡಿಗೆ, ಯಾವ ತಡೆಯೂ ಇಲ್ಲದಿದ್ದರೆ, ಸುಮಾರು ಐದು ನಿಮಿಷ. ಸಿಡಿಯ 52 ಎಕ್ಸ್‌ಗೂ ಇದೇ ನ್ಯಾಯ: 22ರ ಆಸುಪಾಸಿನಲ್ಲಿ ಆರಂಭವಾಗಿ, ಸರಾಸರಿ 37ರಲ್ಲಿ ನಿಲ್ಲುತ್ತದೆ. ನೀರೋ ಡಿಸ್ಕ್‌ಸ್ಪೀಡ್‌ನಂಥ ತಂತ್ರಾಂಶಗಳು ಬರೆಯುತ್ತಿರುವಾಗಲೇ ವೇಗದ ರೇಖಾಚಿತ್ರವನ್ನು ಬಿಡಿಸಿ ತೋರಿಸುತ್ತವೆ. ಅಲ್ಲಿ ರೇಖೆ ಮೊದಲಿನಿಂದ ಕೊನೆಯವರೆಗೆ ಏರುತ್ತಲೇ ಇದ್ದರೆ ತಿರುಗುವ ವೇಗ ಸ್ಥಿರವೆಂದೂ, ಅಷ್ಟು ದೂರ ಏರಿ ಬಳಿಕ ಮಟ್ಟಸವಾದರೆ ಯಂತ್ರವು ಎರಡು ಕ್ರಮಗಳನ್ನೂ ಬೆರೆಸಿದೆಯೆಂದೂ, ಮೆಟ್ಟಿಲುಗಳಂತೆ ಏರಿದರೆ ಡಿಸ್ಕನ್ನು ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ವೇಗವನ್ನು ಗೊತ್ತುಪಡಿಸಿದೆಯೆಂದೂ ತಿಳಿಯಬೇಕು.

ಪರೀಕ್ಷೆಯ ವಿಧಾನವೂ ಇದರಿಂದಲೇ ನಿರ್ಣಯವಾಗುತ್ತದೆ. ಡಿಸ್ಕಿನ ಕಾಲುಭಾಗವನ್ನು ಬರೆದು ನಿಲ್ಲಿಸಿದವರಿಗೆ ಯಂತ್ರದ ನಿಧಾನವಾದ ಭಾಗ ಮಾತ್ರ ಕಾಣಿಸೀತಾದ್ದರಿಂದ, ಡಿಸ್ಕನ್ನು ಪೂರ್ತಿಯಾಗಿ ತುಂಬಿಸತಕ್ಕದ್ದು. ಸಾವಿರಾರು ಸಣ್ಣ ಕಡತಗಳನ್ನು ಕೊಟ್ಟರೆ ಗಣಕಕ್ಕೆ ಅವುಗಳನ್ನು ಹುಡುಕಿ ತರುವ ಶ್ರಮವೇ ಅಧಿಕವಾಗಿ, ರೈಟರಿನ ವೇಗದ ಬದಲು ಹಾರ್ಡ್ ಡಿಸ್ಕಿನ ಚುರುಕುತನವನ್ನು ಅಳೆದಂತಾದೀತು. ಆದುದರಿಂದ ಒಂದೇ ದೊಡ್ಡ ಕಡತ ಲೇಸು. ಕಾಲವನ್ನು ಎರಡು ಬಗೆಯಾಗಿ ಗುರುತಿಸಿಕೊಳ್ಳಬೇಕು: ಮಾಹಿತಿಯನ್ನು ಬರೆಯುವುದಕ್ಕೆ ಹಿಡಿದ ಕಾಲ ಒಂದು, ಡಿಸ್ಕನ್ನು ಗುರುತಿಸಿ, ಲೇಸರಿನ ಬಲವನ್ನು ಹದಗೊಳಿಸಿ, ಕೊನೆಗೆ ಲೀಡ್-ಇನ್, ಲೀಡ್-ಔಟ್ ಎಂಬ ಆದ್ಯಂತದ ಪಟ್ಟಿಗಳನ್ನು ಬರೆದು ಮುಚ್ಚುವವರೆಗಿನ ಒಟ್ಟು ಕಾಲ ಇನ್ನೊಂದು. ಯಂತ್ರದ ಯೋಗ್ಯತೆಯನ್ನು ಹೇಳುವುದು ಮೊದಲನೆಯದು. ಬಳಸುವವರು ಕಾಯಬೇಕಾದದ್ದು ಎರಡನೆಯದು. ಉದಾಹರಣೆಗೆ, 470 ಕೋಟಿ ಬೈಟ್‌ಗಳು 360 ಸೆಕೆಂಡುಗಳಲ್ಲಿ ಬರೆಯಲ್ಪಟ್ಟುವೆಂದಿಟ್ಟುಕೊಳ್ಳೋಣ. ಭಾಗಿಸಿದರೆ ಸೆಕೆಂಡಿಗೆ 1 ಕೋಟಿ 30 ಲಕ್ಷಕ್ಕೆ ತುಸು ಹೆಚ್ಚು, ಅದನ್ನು 13.85 ಲಕ್ಷದಿಂದ ಭಾಗಿಸಿದರೆ 9.4 ಎಕ್ಸ್. ಸಿದ್ಧಾಂತದ 11.3ಕ್ಕೂ ಈ 9.4ಕ್ಕೂ ನಡುವಣ ಕೊರತೆ ಎಲ್ಲಿಂದ ಬಂದಿತೆಂದು ಶೋಧಿಸುವುದೇ ಪರೀಕ್ಷೆಯ ನಿಜವಾದ ಫಲ.

ಶೋಧ ಮೊದಲು ಹೋಗಬೇಕಾದದ್ದು ಮಾಹಿತಿ ಬರುವ ದಾರಿಗೆ. ಲೇಸರು ಬರೆಯಲು ತೊಡಗಿದ ಮೇಲೆ ಕಾಯುವಂತಿಲ್ಲ. ಅದಕ್ಕಾಗಿಯೇ ರೈಟರಿನೊಳಗೆ ಬಫರ್ ಎಂಬ ಸಣ್ಣ ಕಣಜವನ್ನಿಟ್ಟಿರುತ್ತಾರೆ. ಹಿಂದೆ ಆ ಕಣಜ ಒಂದು ಸಲ ಬರಿದಾದರೆ ಬರಹದ ಸರಣಿ ಕಡಿದು ಡಿಸ್ಕು ನಿರುಪಯೋಗಿಯಾಗುತ್ತಿತ್ತು. 2000ದ ಇಸವಿಯಲ್ಲಿ ಸ್ಯಾನ್ಯೋ ಕಂಪನಿ ಬರ್ನ್-ಪ್ರೂಫ್ ಎಂಬ ಉಪಾಯವನ್ನು ತಂದಿತು. ಬಫರ್ ಬತ್ತಿದೊಡನೆ ಬರಹ ನಿಂತು, ಮತ್ತೆ ತುಂಬಿದಾಗ ನಿಂತಲ್ಲಿಂದಲೇ ಕೂಡಿಸಿ ಮುಂದುವರಿಯುವಂತಾಯಿತು. ಡಿಸ್ಕುಗಳು ಉಳಿದವು, ಆದರೆ ದೋಷವು ಕಣ್ಮರೆಯಾಗಿ ವಿಳಂಬದ ವೇಷ ತೊಟ್ಟಿತು. ಹಳೆಯ ಗಣಕಗಳಲ್ಲಿ ಡಿಎಂಎ ಎಂಬ ನೇರ ಸಾಗಣೆಯ ಏರ್ಪಾಡು ಕೈಬಿಟ್ಟುಹೋಗಿ ಪ್ರೊಸೆಸರೇ ಒಂದೊಂದು ಬೈಟನ್ನೂ ಹೊರುವ ಸ್ಥಿತಿ ಬಂದಿದ್ದರೆ, ಅಥವಾ ಹೊರಗಿನ ರೈಟರನ್ನು ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ಸಾಗಿಸಬಲ್ಲ ಯುಎಸ್‌ಬಿ 1.1ರ ಕಿಂಡಿಗೆ ಜೋಡಿಸಿದ್ದರೆ, 16 ಎಕ್ಸ್‌ನ ಯಂತ್ರವೂ ತನ್ನ ವೇಗಕ್ಕೆ ಸಾಲುವಷ್ಟು ಮಾಹಿತಿಯಿಲ್ಲದೆ ಬಾಯಾರಿ ನಿಲ್ಲಬೇಕಾಗುತ್ತದೆ. ಲಿನಕ್ಸ್ ಗಣಕಗಳಲ್ಲಿ ಬಳಕೆಯಾದ ಸಿಡಿರೆಕಾರ್ಡ್ ತಂತ್ರಾಂಶವು ಕೆಲಸ ಮುಗಿದ ಮೇಲೆ ಸರಾಸರಿ ವೇಗವನ್ನು ಹೇಳುವುದಲ್ಲದೆ, ತನ್ನ ಸಂಗ್ರಹ ಎಷ್ಟು ಸಲ ಬರಿದಾಯಿತು, ಕನಿಷ್ಠ ಎಷ್ಟು ಪಾಲು ತುಂಬಿತ್ತು, ರಕ್ಷಣೋಪಾಯ ಎಷ್ಟು ಸಲ ಬೇಕಾಯಿತು ಎಂಬುದನ್ನೂ ಒಪ್ಪಿಸುತ್ತದೆ. ಈ ಸಾಲುಗಳನ್ನು ಓದದೆ ಸರಾಸರಿಯೊಂದನ್ನೇ ನೋಡಿದವರು, ಪೂರೈಕೆಯ ತಪ್ಪಿಗಾಗಿ ರೈಟರನ್ನು ದೂರುವ ಸಂಭವವುಂಟು.

ದಾರಿ ನಿರಾತಂಕವಾಗಿದ್ದರೆ ದೃಷ್ಟಿ ಡಿಸ್ಕಿನತ್ತ ತಿರುಗಬೇಕು. ಬರೆಯಬಲ್ಲ ಪ್ರತಿಯೊಂದು ಡಿಸ್ಕಿನ ಸುರುಳಿಯಲ್ಲಿಯೂ ಅದನ್ನು ಯಾರು ಮಾಡಿದರು, ಅದು ಯಾವ ಬಗೆಯದು ಎಂಬುದನ್ನು ಸೂಚಿಸುವ ಸಂಕೇತ ಮೊದಲೇ ಅಚ್ಚಾಗಿರುತ್ತದೆ. ರೈಟರು ಆ ಸಂಕೇತವನ್ನೋದಿ, ತನ್ನ ಫರ್ಮ್‌ವೇರಿನಲ್ಲಿರುವ ಪಟ್ಟಿಯಲ್ಲಿ ಅದನ್ನು ಹುಡುಕಿ, ಲೇಸರಿನ ಮಿಡಿತಗಳ ಕ್ರಮವನ್ನು ಗೊತ್ತುಮಾಡಿಕೊಂಡು, ಮಾಹಿತಿ ಬರೆಯುವ ಮುನ್ನ ಡಿಸ್ಕಿನ ಮೀಸಲು ಭಾಗವೊಂದರಲ್ಲಿ ಬಲವನ್ನು ಪ್ರಯೋಗಿಸಿ ನೋಡುತ್ತದೆ. ಸಂಕೇತ ಅಪರಿಚಿತವಾಗಿದ್ದರೆ ಜಾಗರೂಕತೆಯಿಂದ ವೇಗವನ್ನು ತಗ್ಗಿಸುತ್ತದೆ. ಬರೆಯುತ್ತಿರುವಾಗ ಗುಣ ಕೆಡುತ್ತಿರುವ ಸುಳಿವು ಸಿಕ್ಕಿದರೆ ನಡುವೆಯೇ ನಿಧಾನಿಸುವ ಯಂತ್ರಗಳೂ ಇವೆ. ಒಂದೇ ಹೆಸರಿನ ಹೊದಿಕೆಯೊಳಗೆ ಬೇರೆ ಬೇರೆ ಕಾರ್ಖಾನೆಗಳ ಡಿಸ್ಕುಗಳು ಬರಬಹುದಾದ್ದರಿಂದ, ಹೋಲಿಕೆಯ ಪರೀಕ್ಷೆಗಳಲ್ಲಿ ಹೊದಿಕೆಯ ಹೆಸರಿಗಿಂತ ಈ ಸಂಕೇತವನ್ನು ಬರೆದಿಟ್ಟುಕೊಳ್ಳುವುದು ವಿಹಿತ.

ಡಿಸ್ಕನ್ನು ವ್ಯಯಮಾಡದೆ ಪರೀಕ್ಷಿಸುವ ಮಾರ್ಗವೂ ಇಲ್ಲದಿಲ್ಲ. ಸಿಡಿ-ಆರ್ ಮತ್ತು ಡಿವಿಡಿ-ಆರ್ ಡಿಸ್ಕುಗಳಲ್ಲಿ ಲೇಸರಿನ ಬಲವನ್ನು ಬರೆಯುವ ಮಟ್ಟಕ್ಕೆ ಏರಿಸದೆ ಉಳಿದೆಲ್ಲ ವಿಧಿಗಳನ್ನೂ ನಡೆಸುವ ಅಣಕು ಬರಹ ಸಾಧ್ಯ. ಪ್ಲಸ್ ಗುರುತಿನ ಡಿವಿಡಿಗಳಲ್ಲಿ ಆ ಸೌಕರ್ಯವಿಲ್ಲ. ಅಣಕು ಬರಹದಿಂದ ಪೂರೈಕೆಯ ದಾರಿ ಸರಿಯಿದೆಯೇ ಎಂಬುದು ತಿಳಿದೀತು. ವರ್ಣದ್ರವ್ಯ ಆ ವೇಗಕ್ಕೆ ಒಗ್ಗುತ್ತದೆಯೇ ಎಂಬುದು ತಿಳಿಯದು.

ತಿಳಿಯಬೇಕಾದದ್ದು ಮುಖ್ಯವಾಗಿ ಅದೇ. ಬೇಗ ಬರೆದು ಓದಲಾಗದ ಡಿಸ್ಕಿನ ವೇಗವನ್ನು ಅಳೆದು ಪ್ರಯೋಜನವೇನು? ಡಿಸ್ಕುಗಳಲ್ಲಿ ತಪ್ಪುಗಳು ಇದ್ದೇ ಇರುತ್ತವೆಂದು ಒಪ್ಪಿಕೊಂಡೇ, ಅವುಗಳನ್ನು ಓದುವಾಗ ತಿದ್ದಿಕೊಳ್ಳುವಂತೆ ಹೆಚ್ಚುವರಿ ಬೈಟ್‌ಗಳನ್ನು ಬೆರೆಸಿಟ್ಟಿರುತ್ತಾರೆ. ಪ್ರಮಾಣಗ್ರಂಥಗಳು ಇಂತಿಷ್ಟು ತಪ್ಪುಗಳವರೆಗೆ ಮನ್ನಿಸಬಹುದೆಂದು ಮೇರೆಯನ್ನೂ ಹಾಕಿವೆ. ಸಿಡಿಯಲ್ಲಿ ಸೆಕೆಂಡಿಗೆ ಸರಾಸರಿ 220 ತಪ್ಪುಗಳು, ಡಿವಿಡಿಯಲ್ಲಿ ಒಂದರ ಹಿಂದೊಂದು ಬರುವ ಎಂಟು ಕಂತೆಗಳಿಗೆ 280 ತಪ್ಪು ಸಾಲುಗಳು ಆ ಮೇರೆ. ಅತಿ ವೇಗದಲ್ಲಿ ಬರೆದ ಡಿಸ್ಕಿನ ಹೊರ ಅಂಚಿನಲ್ಲಿ, ಅಂದರೆ ಪೆಟ್ಟಿಗೆಯ ಅಂಕಿ ನಿಜವಾಗುವ ಎಡೆಯಲ್ಲಿಯೇ, ತಪ್ಪುಗಳು ಏರುವುದು ಸಾಮಾನ್ಯವಾದುದರಿಂದ, ಬರೆದುದನ್ನು ಮೂಲದೊಡನೆ ಬೈಟು ಬೈಟಾಗಿ ಹೋಲಿಸಿ ನೋಡದೆ ಪರೀಕ್ಷೆ ಮುಗಿಯಿತೆನ್ನುವಂತಿಲ್ಲ. ಡಿವಿಡಿ-ರ‍್ಯಾಮ್ ಎಂಬ ಜಾತಿಯಲ್ಲಿ ಬರೆದುದನ್ನು ಒಡನೊಡನೆಯೇ ಓದಿ ನೋಡುವ ಕ್ರಮವಿದ್ದು, ಅದರ ಬರಹದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಮಂದವೆನ್ನುವವರು ಉಳಿದ ಡಿಸ್ಕುಗಳಿಗೆ ಪರಿಶೀಲನೆಯ ಕಾಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ನ್ಯಾಯವಾದೀತು.

ಹೀಗೆ ಎಲ್ಲವನ್ನೂ ಕೂಡಿಸಿ ನೋಡಿದಾಗ ಆಯ್ಕೆಯ ಪ್ರಶ್ನೆ ತುಂಬ ಚಿಕ್ಕದಾಗುತ್ತದೆ. ತುಂಬಿದ ಡಿವಿಡಿಯೊಂದಕ್ಕೆ 4 ಎಕ್ಸ್‌ನಲ್ಲಿ ಹದಿನಾಲ್ಕು ನಿಮಿಷ, 8 ಎಕ್ಸ್‌ನಲ್ಲಿ ಏಳೆಂಟು ನಿಮಿಷ, 16 ಎಕ್ಸ್‌ನಲ್ಲಿ ಐದಾರು ನಿಮಿಷ ಹಿಡಿಯುತ್ತದೆ. ನಾಲ್ಕರಿಂದ ಎಂಟಕ್ಕೆ ಏರಿದಾಗ ದೊರೆತ ಲಾಭ ಆರೇಳು ನಿಮಿಷಗಳಾದರೆ, ಎಂಟರಿಂದ ಹದಿನಾರಕ್ಕೆ ಏರಿದಾಗ ದೊರೆಯುವುದು ಎರಡೇ ನಿಮಿಷ. ಒಂದೇ ಸಲ ನೂರಾರು ಪ್ರತಿಗಳನ್ನು ತೆಗೆಯತಕ್ಕವರಿಗೆ ಆ ಎರಡು ನಿಮಿಷಗಳೂ ಬೆಲೆಯುಳ್ಳವೇ ಸರಿ. ಮದುವೆಯ ಚಿತ್ರಗಳನ್ನೋ ಮನೆತನದ ದಾಖಲೆಗಳನ್ನೋ ಬಹುಕಾಲ ಉಳಿಸಬೇಕೆಂದಿರುವವರು ಡಿಸ್ಕಿಗೆ ಗೊತ್ತುಪಡಿಸಿದ ಪರಮಾವಧಿಗಿಂತ ಒಂದು ಮೆಟ್ಟಿಲು ಕೆಳಗಿನ ವೇಗದಲ್ಲಿ ಬರೆದು, ಉಳಿದ ಹೊತ್ತನ್ನು ಬರೆದುದರ ಪರಿಶೀಲನೆಗೆ ವಿನಿಯೋಗಿಸುವುದು ಮೇಲು.