ದರ ಕೇಳುವ ಮುಂಚೆ ಕಂಪ್ರೆಸರ್ ನೋಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಗಾಡಿಗಳ ನಂಬರ್ ಪ್ಲೇಟ್ ಮೇಲೆ ಕೆಎ–45 ಎಂದಿರುತ್ತದೆ. ಸ್ವಲ್ಪ ಹಳೆಯದಾದರೆ ಮೈಮೇಲೆ ಇನ್ನೊಂದು ಗುರುತೂ ಸೇರಿಕೊಳ್ಳುತ್ತದೆ: ಬಾಗಿಲಿಗೋ ಬಂಪರಿಗೋ ಹೊಡೆಸಿದ ತೇಪೆ ಬಣ್ಣ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಹೊಗೆಸೊಪ್ಪಿನ ಬೇಲು ಹೊತ್ತು ಹೋದ ಪಿಕಪ್ ಗೇಟಿಗೆ ಉಜ್ಜಿರುತ್ತದೆ, ಸಂತೆ ದಿನ ಯಾವನೋ ಬೈಕಿನವನು ಕೆರೆದು ಹೋಗಿರುತ್ತಾನೆ. ಟಿಂಕರಿಂಗ್ ಶೆಡ್ಡಿಗೆ ಹೋದವರೆಲ್ಲ ಮೊದಲು ಕೇಳುವುದು ಒಂದೇ ಮಾತು, ‘ಒಂದು ಪ್ಯಾನಲ್‌ಗೆ ಎಷ್ಟಾಗುತ್ತೆ ಅಣ್ಣಾ?’ ಅದನ್ನು ಕೇಳುವ ಮುಂಚೆ ಶೆಡ್ಡಿನ ಮೂಲೆಯಲ್ಲಿ ಗುಡುಗುಡು ಎನ್ನುವ ಕಂಪ್ರೆಸರ್ ಹತ್ತಿರ ಹೋಗಿ ನಿಲ್ಲಿ ಎನ್ನುತ್ತೇನೆ. ಬಣ್ಣ ಡಬ್ಬಿಯಿಂದ ಬರುವುದಾದರೂ ಅದು ನಿಲ್ಲುವುದೂ ಕೆಡುವುದೂ ಗಾಳಿಯಿಂದ.

ಬಣ್ಣ ಹೊಡೆಯುವ ಗನ್ನಿನ ಮೂಲ ಇರುವುದು ಡಾಕ್ಟರ ಕೋಣೆಯಲ್ಲಿ. ಅಮೆರಿಕದ ಒಹಾಯೊದ ವೈದ್ಯ ಅಲೆನ್ ಡಿವಿಲ್‌ಬಿಸ್ 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಪುಟ್ಟ ಸಾಧನವೊಂದನ್ನು ಮಾಡಿಕೊಂಡ. ಅದೇ ತತ್ವ ಹಿಡಿದು ಮಗ ಥಾಮಸ್ 1907ರಲ್ಲಿ ಬಣ್ಣದ ಗನ್ ತಯಾರಿಸಿದ. ಇಂದಿನ ಗನ್ನಿನ ಟ್ರಿಗರ್ ಅರ್ಧ ಒತ್ತಿದರೆ ಬರೀ ಗಾಳಿ ಬರುತ್ತದೆ. ಪೂರ್ತಿ ಒತ್ತಿದಾಗ ಒಳಗಿನ ಸೂಜಿ ಹಿಂದೆ ಸರಿದು, 1.3 ಅಥವಾ 1.4 ಮಿಲಿಮೀಟರ್ ತೂತಿನಿಂದ ಬಣ್ಣ ಹೊರಬೀಳುತ್ತದೆ. ತೂತಿನ ಸುತ್ತಲಿನ ಸಂದಿಯಿಂದ ನುಗ್ಗುವ ಗಾಳಿ ಆ ಎಳೆಯನ್ನು ಹರಿದು ಹನಿ ಮಾಡುತ್ತದೆ. ಮೂತಿಯ ಎರಡು ಕೊಂಬುಗಳಿಂದ ಬರುವ ಗಾಳಿ ಹನಿಗಳ ಮಂಜನ್ನು ಅತ್ತಲಿಂದಿತ್ತಲಿಂದ ಅದುಮಿ ಬೀಸಣಿಗೆಯ ಹಾಗೆ ಅಗಲ ಮಾಡುತ್ತದೆ. ಪೇಂಟರ್ ಹದಿನೈದಿಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಕೈ ಓಡಿಸುತ್ತಾನೆ, ಪ್ರತಿ ಸಲವೂ ಹಿಂದಿನ ಪಟ್ಟಿಯ ಅರ್ಧ ಮುಚ್ಚುವಂತೆ.

ಒಂದು ಲೆಕ್ಕ ನೋಡಿ. ಒಳ್ಳೆಯ ಗನ್ ನಿಮಿಷಕ್ಕೆ ಸುಮಾರು 350 ಲೀಟರ್ ಗಾಳಿ ಕುಡಿಯುತ್ತದೆ. ಅರ್ಧ ಗಂಟೆ ಹೊಡೆದರೆ ಹತ್ತು ಘನಮೀಟರ್ ದಾಟಿತು. ಆಷಾಢದ ಒಂದು ಸಂಜೆ, ಜಡಿಮಳೆ ಬಿಟ್ಟಿದೆ, 24 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 90 ಎಂದುಕೊಳ್ಳಿ. ಆಗ ಪ್ರತಿ ಘನಮೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 20 ಗ್ರಾಂ ನೀರಾವಿ ಇರುತ್ತದೆ. ಆ ಹತ್ತು ಘನಮೀಟರ್ ಗಾಳಿಯನ್ನು ಕಂಪ್ರೆಸರ್ ಎಂಟೊಂಬತ್ತರಲ್ಲಿ ಒಂದು ಪಾಲಿಗೆ ಅದುಮಿದರೆ ಅದು ತಣಿದಾಗ ಆವಿಯ ಬಹುಪಾಲು ನೀರಾಗಿ ಇಳಿಯಲೇಬೇಕು. ಅರ್ಧ ಗಂಟೆಗೆ ಒಂದು ಲೋಟ ನೀರು! ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಅದನ್ನು ದಿನಾ ಬಸಿಯಬೇಕು, ಗನ್ನಿಗೆ ಹೋಗುವ ಪೈಪಿಗೆ ನೀರು ಮತ್ತು ಎಣ್ಣೆ ತಡೆಯುವ ಫಿಲ್ಟರ್ ಇರಬೇಕು. ಇಲ್ಲವಾದರೆ ಆ ನೀರು, ಜೊತೆಗೆ ಕಂಪ್ರೆಸರಿನ ಎಣ್ಣೆ, ನೇರ ನಿಮ್ಮ ಬಾಗಿಲ ಮೇಲೆ ಕೂರುತ್ತದೆ. ಎಣ್ಣೆ ಬಿದ್ದ ಜಾಗದಲ್ಲಿ ಬಣ್ಣ ಸುತ್ತ ಸರಿದು ಗುಂಡು ಗುಂಡಾದ ಕುಳಿ ಬೀಳುತ್ತದೆ. ನೀರು ಸೇರಿದರೆ ಮೊದಲು ಏನೂ ಕಾಣುವುದಿಲ್ಲ, ಕೆಲವು ತಿಂಗಳಾದ ಮೇಲೆ ಬೊಕ್ಕೆ ಏಳುತ್ತದೆ. ‘ನಲ್ಲಿ ಸ್ವಲ್ಪ ತಿರುಗಿಸಿ ನೋಡೋಣ’ ಎಂದು ಕೇಳಿ. ತುಕ್ಕು ಬೆರೆತ ಕೆಂಪು ನೀರು ಬುಳುಬುಳು ಬಂದರೆ ಬೇರೆ ಶೆಡ್ ನೋಡುವುದು ವಾಸಿ.

ಕಾರ್ಖಾನೆಯಲ್ಲಿ ಕಾರಿಗೆ ಹಚ್ಚಿದ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ 100ರಿಂದ 150 ಮೈಕ್ರಾನ್, ಎರಡು ತಲೆಗೂದಲಿನಷ್ಟು. ನಗ್ಗಿದ ತಗಡನ್ನು ಹಿಂದಿನಿಂದ ತಟ್ಟಿ ಸಮ ಮಾಡುವುದು ಟಿಂಕರನ ಕೆಲಸ. ಅವಸರದವರು ತಟ್ಟುವ ಗೋಜಿಗೇ ಹೋಗದೆ ಗುಂಡಿಗೆ ಪುಟ್ಟಿ ತುಂಬಿಬಿಡುತ್ತಾರೆ. ಮಿಲಿಮೀಟರ್‌ಗಟ್ಟಲೆ ಪುಟ್ಟಿ ನಮ್ಮ ಸೀಮೆಯ ರಸ್ತೆಗಳ ಕುಲುಕಾಟಕ್ಕೆ ಎಷ್ಟು ದಿನ ತಾಳೀತು? ಇದನ್ನು ಹಿಡಿಯಲು ಯಂತ್ರ ಬೇಕಿಲ್ಲ. ಫ್ರಿಜ್ ಮೇಲಿನ ಸಣ್ಣ ಮ್ಯಾಗ್ನೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ರಿಪೇರಿಯಾದ ಕಡೆ ಇಡಿ. ಪಕ್ಕದ ಬಾಗಿಲಿಗೆ ಗಪ್ಪನೆ ಕೂರುವುದು ಇಲ್ಲಿ ಜಾರಿ ಬಿದ್ದರೆ ಒಳಗಿರುವುದು ಪುಟ್ಟಿಯ ಗೋಡೆ. ಪ್ಲಾಸ್ಟಿಕ್ ಬಂಪರಿಗೆ ಈ ಪರೀಕ್ಷೆ ನಡೆಯದು. ಅದಕ್ಕೆ ಪ್ಲಾಸ್ಟಿಕ್ ಪ್ರೈಮರ್ ಹೊಡೆಯುತ್ತೀರಾ ಎಂದು ಕೇಳಿದರೆ ಸಾಕು. ಅದಿಲ್ಲದ ಬಣ್ಣ ವಾಟರ್ ಸರ್ವಿಸ್ ಮಾಡಿಸುವಾಗ ಸಿಪ್ಪೆ ಏಳುತ್ತದೆ.

ಒಣಗುವುದರಲ್ಲೂ ಎರಡು ಜಾತಿ. ಮೊದಲನೆಯದಕ್ಕೆ ನಮ್ಮ ಅರಗೇ ಉದಾಹರಣೆ. ನಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಮತದಾನದ ಶಾಯಿಯಿಂದ ಈಗ ದೇಶಕ್ಕೆಲ್ಲ ಗೊತ್ತಿರುವುದು ಅದೇ. ಕಾಡಿನ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದರೆ ಸ್ಪಿರಿಟ್ ಆರಿ ಪದರ ಉಳಿಯುತ್ತದೆ, ಮತ್ತೆ ಸ್ಪಿರಿಟ್ ತಾಗಿದರೆ ಕರಗುತ್ತದೆ. ಅಗ್ಗದ ಎನ್.ಸಿ. (ನೈಟ್ರೋಸೆಲ್ಯುಲೋಸ್) ಬಣ್ಣದ ಸ್ವಭಾವವೂ ಹೀಗೆಯೇ. ಎರಡನೆಯ ಜಾತಿ ಹಾಗಲ್ಲ: ಈಗ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್‌ಗೆ ಹಾರ್ಡ್ನರ್ ಬೆರೆಸುತ್ತಾರೆ, ಎರಡೂ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಓವನ್ ಬೂತ್ ಇದ್ದರೆ 60 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು, ಬಯಲು ಶೆಡ್ಡಿನಲ್ಲಾದರೆ ರಾತ್ರಿಯೆಲ್ಲ ಬಿಡಬೇಕು. ಕಾರ್ಖಾನೆಯಂತೆ 140 ಡಿಗ್ರಿ ಕಾಯಿಸಿದರೆ ವೈರು, ರಬ್ಬರ್ ಉಳಿಯುವುದಿಲ್ಲ. ವಾರ ಕಳೆದ ಮೇಲೆ ಬಾಗಿಲ ಒಳ ಅಂಚಿನಲ್ಲಿ ಥಿನ್ನರ್ ಬಟ್ಟೆಯಿಂದ ಪೇಂಟರ್ ಕೈಯಲ್ಲೇ ಒಮ್ಮೆ ಒರೆಸಿಸಿ. ಬಟ್ಟೆಗೆ ಬಣ್ಣ ಬಂತೋ, ಹೊಡೆದದ್ದು ಪಿಯು ಅಲ್ಲ, ಇಲ್ಲವೇ ಹಾರ್ಡ್ನರ್ ಅಳತೆ ತಪ್ಪಿದೆ. ಈ ಹಾರ್ಡ್ನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಉಸಿರಿಗೆ ಸೇರಿದರೆ ಆಸ್ತಮಾ ತರಬಹುದು, ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯದು. ಹುಡುಗರಿಗೆ ಸರಿಯಾದ ಮಾಸ್ಕ್ ಕೊಡದ ಮಾಲೀಕ ನಿಮ್ಮ ಗಾಡಿಗೆ ಒಳ್ಳೆಯ ಪ್ರೈಮರ್ ಹಾಕುತ್ತಾನೆಂದು ನಾನಂತೂ ನಂಬುವುದಿಲ್ಲ.

ಬಿಳಿ ಬಣ್ಣ ಹೊಂದಿಸುವುದು ಅಷ್ಟು ಕಷ್ಟವಲ್ಲ. ಸಿಲ್ವರ್ ಮಾತ್ರ ಪೇಂಟರನ ಬೆವರಿಳಿಸುತ್ತದೆ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಯಾವ ಓರೆಯಲ್ಲಿ ಕೂತವು ಎನ್ನುವುದರ ಮೇಲೆ ಬಣ್ಣ ತಿಳಿಯೋ ಗಾಢವೋ ಆಗುತ್ತದೆ. ಕಲರ್ ಕೋಡ್ ಸರಿಯಿದ್ದರೂ ಕೈವೇಗ ಬದಲಾದರೆ ಬಾಗಿಲು ಬೇರೆ ಗಾಡಿಯದರಂತೆ ಕಾಣುತ್ತದೆ. ತಿಳಿದವರು ಪಕ್ಕದ ಪ್ಯಾನಲ್ಲಿಗೂ ಬಣ್ಣವನ್ನು ತೆಳುವಾಗಿ ಹಾಯಿಸಿ ಕಣ್ಣಿಗೆ ಗೆರೆ ಸಿಗದಂತೆ ಮಾಡುತ್ತಾರೆ, ಅದಕ್ಕೆ ಹೆಚ್ಚು ಕೇಳಿದರೆ ಕೊಡುವುದು ನ್ಯಾಯ. ಗಾಡಿ ಬಿಡಿಸಿಕೊಳ್ಳುವುದು ಟ್ಯೂಬ್‌ಲೈಟಿನ ಕೆಳಗೆ ಬೇಡ, ಬೆಳಿಗ್ಗೆ ಬಿಸಿಲಿಗೆ ತಂದು ನಿಲ್ಲಿಸಿ ನೋಡಿ.

ಬೂತ್ ಇರುವ ದೊಡ್ಡ ವರ್ಕ್‌ಶಾಪಿಗೆಂದು ಮೈಸೂರಿಗೇ ಓಡಬೇಕಾಗಿಲ್ಲ. ನೆಲಕ್ಕೆ ನೀರು ಚಿಮುಕಿಸಿ ದೂಳು ಅಡಗಿಸಿ, ಗಾಜು ರಬ್ಬರಿಗೆ ನೀಟಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ, ಮಳೆ ಹಿಡಿದಾಗ ‘ಇವತ್ತು ಹೊಡೆಯಲ್ಲ ಸಾರ್, ನಾಳಿದ್ದು ಬನ್ನಿ’ ಎನ್ನುವ ಪೇಂಟರ್ ಸಿಕ್ಕರೆ ಗಾಡಿ ಅಲ್ಲೇ ಬಿಡಿ. ಬಿಲ್ಲಿನಲ್ಲಿ ಪೇಂಟ್ ಕಂಪನಿ, ಕಲರ್ ಕೋಡ್, ಕ್ಲಿಯರ್ ಕೋಟ್ ಹೆಸರು ಮೂರನ್ನೂ ಬರೆಸಿಕೊಳ್ಳಿ. ಮುಂದಿನ ಸಲ ಉಜ್ಜಿದಾಗ ಅದು ಬೇಕಾಗುತ್ತದೆ.