ಹೊರನಾಡ ಮನೆಯಲ್ಲಿ ಮಗುವಿನ ಪಾಠ ಮತ್ತು ಮೊಬೈಲು

ಮುಂಬಯಿಯ ಕನ್ನಡ ಮನೆಯ ಮಗು ದಿನವೊಂದರಲ್ಲಿ ನಾಲ್ಕು ಭಾಷೆಗಳನ್ನು ದಾಟಿ ಬರುತ್ತದೆ. ಅಡುಗೆಮನೆಯಲ್ಲಿ ಕನ್ನಡವೋ ತುಳುವೋ, ತರಗತಿಯಲ್ಲಿ ಇಂಗ್ಲಿಷು, ಆಟದ ಅಂಗಳದಲ್ಲಿ ಹಿಂದಿ. ಇವುಗಳೊಡನೆ, ಮಹಾರಾಷ್ಟ್ರದ 2020ರ ಕಾಯಿದೆಗನುಸಾರವಾಗಿ, ಶಾಲೆ ಯಾವ ಮಂಡಳಿಗೆ ಸೇರಿದ್ದರೂ ಮರಾಠಿ. ಊರಿನ ಕನ್ನಡ ಶಾಲೆಯಲ್ಲಿ ಓದಿ ಇಲ್ಲಿಗೆ ಬಂದ ತಂದೆತಾಯಿಗಳು ಈ ಪುಸ್ತಕದ ಹೊರೆಯನ್ನು ಕಂಡು, ‘ಇದು ನಮಗೆ ತಿಳಿಯುವಂಥದಲ್ಲ, ಟ್ಯೂಷನ್ನಿನವರು ನೋಡಿಕೊಳ್ಳಲಿ’ ಎಂದು ಹಿಂದೆ ಸರಿಯುವುದುಂಟು. ಈ ಹಿಂಜರಿಕೆಗೆ ಕಾರಣವಿಲ್ಲವೆಂಬುದು ನನ್ನ ಅಭಿಪ್ರಾಯ. ಪಾಠದ ಮಾಧ್ಯಮವನ್ನು ತಿಳಿಯದವರಿಗೂ ಮಗುವಿನ ತಿಳಿವಳಿಕೆಯನ್ನು ಅಳೆಯುವ ಒಂದು ಸಾಧನವಿದೆ: ಅಂದಿನ ಪಾಠವನ್ನು ಕನ್ನಡದಲ್ಲಿ ಹೇಳಿಸುವುದು. ಅರ್ಥವಾದುದನ್ನು ಮಗು ಹೇಗಾದರೂ ಹೇಳಿಬಿಡುತ್ತದೆ; ಬಾಯಿಪಾಠ ಮಾಡಿದುದು ಮಾತ್ರ ಇಂಗ್ಲಿಷು ವಾಕ್ಯವಾಗಿಯೇ ಹೊರಬೀಳುತ್ತದೆ.

ಭಿನ್ನರಾಶಿಯನ್ನೇ ತೆಗೆದುಕೊಳ್ಳೋಣ. 1/4ಕ್ಕೆ 1/8ನ್ನು ಕೂಡಿಸೆಂದರೆ ಅನೇಕ ಮಕ್ಕಳು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಸೇರಿಸಿ 2/12 ಎಂದು ಬರೆಯುತ್ತಾರೆ. ಹಾಗೆಂದರೆ ಆರನೆಯ ಒಂದು ಪಾಲು. ಮೊದಲಿದ್ದ ಕಾಲಿಗಿಂತಲೂ ಕಡಿಮೆ! ನಮ್ಮ ಭಾಷೆಯಲ್ಲಿ ಕಾಲು, ಅರೆಕಾಲು, ವೀಸ ಎಂಬ ಮಾತುಗಳಿವೆ. ಕಾಲಿನಲ್ಲಿ ಅರ್ಧವೇ ಅರೆಕಾಲು, ಅರೆಕಾಲಿನಲ್ಲಿ ಅರ್ಧವೇ ವೀಸ ಎಂಬುದು ಹೆಸರಿನಿಂದಲೋ ಬಳಕೆಯಿಂದಲೋ ಅಜ್ಜಿಯರಿಗೆ ಗೊತ್ತಿತ್ತು. ಒಂದು ದೋಸೆಯನ್ನು ಎಂಟು ತುಂಡು ಮಾಡಿ ಮುಂದಿಟ್ಟರೆ, ಒಂದು ಕಾಲೂ ಒಂದು ಅರೆಕಾಲೂ ಸೇರಿ ಮೂರು ಅರೆಕಾಲುಗಳೆಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಆಮೇಲೆ 3/8 ಎಂದು ಬರೆಯುವುದು ಕಷ್ಟವಲ್ಲ. ಗಣಿತದ ಜೊತೆಗೆ ಮೂರು ಕನ್ನಡ ಶಬ್ದಗಳೂ ಉಳಿದುಕೊಂಡರೆ ಅದು ಬಡ್ಡಿ.

ಓದಿಗೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. 2017ರಲ್ಲಿ ಆರಂಭವಾದ ‘ದೀಕ್ಷಾ’ದಲ್ಲಿ ಪಠ್ಯಗಳೂ ಪಾಠಗಳೂ ಉಚಿತವಾಗಿ ದೊರೆಯುತ್ತವೆ, ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಲ್ಪಟ್ಟು ಕನ್ನಡದಲ್ಲಿಯೂ ಇವೆ.

ಆದರೆ ಈ ಸಾಮಗ್ರಿಯೆಲ್ಲ ಬರುವುದು ಮೊಬೈಲಿನ ಮೂಲಕ. 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಮಗುವಿನ ಕೈಸೇರಿದ ಆ ಯಂತ್ರ ಮತ್ತೆ ಹಿಂದಿರುಗಲಿಲ್ಲ. ಮನೆಪಾಠದ ಸೂಚನೆಯೂ ಅದರಲ್ಲಿಯೇ, ಮನೆಯವರ ಬ್ಯಾಂಕೂ ಅದರಲ್ಲಿಯೇ. ಬ್ಯಾಂಕಿನ ಮೇಜಿನ ಈಚೆ ಕುಳಿತವನಿಗೆ ಇದರ ಫಲ ಬೇಗ ಗೋಚರವಾಗುತ್ತದೆ. ಹೋಟೆಲಿನಲ್ಲಿ ದುಡಿಯುವ ತಂದೆಯೊಬ್ಬರು ಖಾತೆಯ ಪಟ್ಟಿಯನ್ನು ಹಿಡಿದು ಬಂದು, ಊರಿನ ಮನೆಗೆಂದು ಕೂಡಿಟ್ಟ ಹಣ ಸಣ್ಣ ಸಣ್ಣ ಮೊತ್ತಗಳಾಗಿ ಸೋರಿಹೋದುದನ್ನು ತೋರಿಸಿದರು. ಕಳ್ಳರು ಯಾರೂ ಇರಲಿಲ್ಲ. ಮಗ ಆಟದೊಳಗಿನ ಆಯುಧಗಳನ್ನು ಕೊಂಡಿದ್ದ. ಗುಪ್ತಸಂಖ್ಯೆ ಅವನದೇ ಜನ್ಮವರ್ಷವಾಗಿತ್ತು. ಹಣಕ್ಕಿಂತಲೂ, ಎರಡು ತಿಂಗಳು ಆ ಹುಡುಗ ಮನೆಯಲ್ಲಿ ಬಾಯಿಬಿಡದೆ ಇದ್ದನೆಂಬುದು ತಂದೆಯನ್ನು ಹೆಚ್ಚು ನೋಯಿಸಿತ್ತು.

ಆದುದರಿಂದ ಮೊದಲು ಮಾಡಬೇಕಾದುದು, ಯುಪಿಐಗೆ ಸಂಬಳದ ಖಾತೆಯನ್ನು ಜೋಡಿಸದೆ, ಅಲ್ಪ ಮೊತ್ತದ ಬೇರೊಂದು ಖಾತೆಯನ್ನು ಜೋಡಿಸುವುದು. ಪ್ರತಿಯೊಂದು ಖರೀದಿಗೂ ಗುಪ್ತಪದವನ್ನು ಕೇಳುವಂತೆ ಆಪ್ ಅಂಗಡಿಯಲ್ಲಿ ಏರ್ಪಾಡು ಮಾಡಬಹುದು. ತಾನೇ ತಾನಾಗಿ ಕಡಿತವಾಗುವ ಪಾವತಿಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆ ಬೇಡ, ಕೊಡುವುದಕ್ಕೆ ಮಾತ್ರ ಬೇಕು ಎಂಬುದನ್ನು ಮಕ್ಕಳಿಗೆ ಮಗ್ಗಿಯಂತೆ ಕಲಿಸಬೇಕು. (ದೊಡ್ಡವರಿಗೂ ಕಲಿಸಬೇಕಾಗಿದೆ, ಪದವೀಧರರೇ ಹೆಚ್ಚಾಗಿ ಮೋಸಹೋಗಿರುವುದನ್ನು ಕಂಡಿದ್ದೇನೆ.) ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನ ಕೇಂದ್ರ ಕಾಯಿದೆ ನಿಷೇಧಿಸಿದೆ, ಅಂಥ ಆಟಕ್ಕೆ ಕರೆಯುವ ಸಂದೇಶವೇ ಕಾಯಿದೆಗೆ ವಿರುದ್ಧವಾದುದೆಂದು ಹುಡುಗರಿಗೆ ತಿಳಿದಿರಲಿ. ಇನ್ನೊಂದು ಕಡೆಯಿಂದ, ಹತ್ತು ವರ್ಷ ತುಂಬಿದ ಮಗು ಬ್ಯಾಂಕು ಗೊತ್ತುಪಡಿಸಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾನೇ ನಡೆಸುವುದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿಯಿದೆ. ನೂರು ರೂಪಾಯಿಯ ಲೆಕ್ಕವನ್ನು ತಾನೇ ಇಟ್ಟ ಮಗುವಿಗೆ ಸಾವಿರ ರೂಪಾಯಿಯ ಬೆಲೆ ತಿಳಿಯುತ್ತದೆ.

ಹಣದ ನಷ್ಟಕ್ಕಿಂತ ಘೋರವಾದುದು ಬೆದರಿಕೆ. ಅಪರಿಚಿತನೊಬ್ಬ ಆಟದಲ್ಲಿ ಸ್ನೇಹ ಬೆಳೆಸಿ, ಚಿತ್ರವೊಂದನ್ನು ತರಿಸಿಕೊಂಡು, ಅನಂತರ ‘ನಿನ್ನ ತಂದೆಗೆ ಹೇಳುತ್ತೇನೆ’ ಎನ್ನುತ್ತಾನೆ. ಈ ಮಾತಿಗೆ ಬಲ ಬರುವುದು ತಂದೆಯ ಮೇಲಿನ ಭಯದಿಂದಲೇ ಅಲ್ಲವೆ? ‘ತಪ್ಪು ನಡೆದರೂ ಬಂದು ಹೇಳು, ಹೇಳಿದ ಕಾರಣಕ್ಕೆ ಮೊಬೈಲನ್ನು ಕಿತ್ತುಕೊಳ್ಳುವುದಿಲ್ಲ’ ಎಂಬ ವಚನವನ್ನು ಮುಂಚಿತವಾಗಿಯೇ ಕೊಟ್ಟು ನಡೆಸಿಕೊಂಡ ಮನೆಯಲ್ಲಿ ಆ ಬೆದರಿಕೆಯ ಅರ್ಧ ಶಕ್ತಿ ಕುಂದುತ್ತದೆ. ಸಂಭಾವಿತ ಕುಟುಂಬಗಳು ಮಾನಕ್ಕಂಜಿ ಸಂದೇಶಗಳನ್ನೆಲ್ಲ ಅಳಿಸಿಬಿಡುತ್ತವೆ; ಹಾಗೆ ಮಾಡಬಾರದು, ಅವೇ ಸಾಕ್ಷ್ಯ. ಅವನ್ನು ಬೇರೆಯವರಿಗೆ ಕಳುಹಿಸಲೂ ಬಾರದು. ಮಕ್ಕಳ ಅಶ್ಲೀಲ ಚಿತ್ರಗಳಿಗೆ ಸಂಬಂಧಿಸಿದ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಸರು ಹೇಳದೆಯೂ ಕೊಡಬಹುದು.

ಹಣ ಹೋದಾಗ 1930ಕ್ಕೆ ಆ ಗಳಿಗೆಯಲ್ಲಿಯೇ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹಣ ಮತ್ತೊಂದು ಖಾತೆಗೆ ಸರಿಯುವ ಮೊದಲೇ ತಡೆಯುವ ಸಂಭವ ಆಗ ಹೆಚ್ಚು. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಮೊಬೈಲಿನಲ್ಲಲ್ಲದೆ, ಗೋಡೆಯ ಪಂಚಾಂಗದ ಮೇಲೆಯೂ ಬರೆದಿಡುವುದು ಲೇಸು. ಬೇಕಾದ ಹೊತ್ತಿಗೆ ಮೊಬೈಲೇ ಕೈಯಲ್ಲಿಲ್ಲದಿರಬಹುದು.